17 ಲೋಗೋ, ಒಂದು ಕೀಲಿಕೈ

ಮುಂಬಯಿಯ ನಮ್ಮ ಕನ್ನಡ ಸಂಘದ ಫ್ಲೆಕ್ಸ್ ಈ ಸಲ ಮೂರು ಬಾರಿ ಪ್ರಿಂಟ್ ಆಯಿತು. ಮೊದಲ ಬಾರಿ ಒಂದು ಕಾಲೇಜಿನ ಲೋಗೋ ಪಕ್ಕದ ಬ್ಯಾಂಕಿನ ಲೋಗೋಕ್ಕಿಂತ ಅರ್ಧ ಇಂಚು ಸಣ್ಣದಾಗಿತ್ತು. ಎರಡನೇ ಬಾರಿ ಅದನ್ನು ದೊಡ್ಡದು ಮಾಡಿದೆವು, ಬ್ಯಾಂಕಿನವರು ಫೋನು ಮಾಡಿದರು. ಮೂರನೇ ಬಾರಿ ಟೇಪು ಹಿಡಿದು 17 ಲೋಗೋಗಳನ್ನೂ ಸಮ ಮಾಡಿಸಿದೆವು. ಅಷ್ಟಾಗುವಾಗ ಕಾರ್ಯಕ್ರಮದ ಹೆಸರಿಗೇ ಜಾಗ ಇಲ್ಲ. ಹೆಸರೇನೂ ಸಣ್ಣದಲ್ಲ: ‘ಸಹಭಾಗಿತ್ವದ ಮೂಲಕ ವಿಜ್ಞಾನ ಮತ್ತು ತಂತ್ರಜ್ಞಾನದಲ್ಲಿ ಸರ್ವರ ಪಾಲ್ಗೊಳ್ಳುವಿಕೆ: ಒಂದು ದಿನದ ಸಮಾವೇಶ’. ಕೊನೆಗೆ ‘ಸರ್ವರ’ ಎಂಬ ಶಬ್ದವನ್ನು ತೆಗೆದೆವು. ಜಾಗ ಸರಿಹೋಯಿತು.

ನಾನು ಡೊಂಬಿವಲಿಯವ, ಸಂಘದ ಜೊತೆ ಕಾರ್ಯದರ್ಶಿ. ಜೊತೆ ಕಾರ್ಯದರ್ಶಿ ಅಂದರೆ ಕಾರ್ಯದರ್ಶಿಯ ಜೊತೆ ಹೋಗಿ ಕುರ್ಚಿ ಎಣಿಸುವವ. ಹಾಗಾಗಿ ಇಲ್ಲಿ ಬರೆಯುವ ಎಲ್ಲದರಲ್ಲೂ ನನ್ನದೂ ಒಂದು ಕೈ ಇದೆ. ಫ್ಲೆಕ್ಸಿನ ಒಂದು ಮೂಲೆಯ ಹಗ್ಗ ಕಟ್ಟಿದ್ದೇ ನಾನು.

ಜನವರಿ ಪೂರ್ತಿ ಒಂದು ಶಬ್ದಕ್ಕೆ ಹೋಯಿತು. ಹಣ ಕೊಡುವ ಕಂಪನಿಯವರ ಕಾಗದದಲ್ಲಿ ಸಾಲಿಗೊಂದು ‘ಸ್ಟೇಕ್‌ಹೋಲ್ಡರ್’ ಇತ್ತು. ಇದಕ್ಕೆ ಕನ್ನಡದಲ್ಲಿ ಏನು ಹೇಳುವುದು? ‘ಹಿತಾಸಕ್ತಿದಾರರು’ ಅಂದರು ಒಬ್ಬರು. ಪತ್ರಿಕೆಯಲ್ಲಿ ‘ಪಟ್ಟಭದ್ರ’ದ ಪಕ್ಕದಲ್ಲಿ ಬರುವ ಶಬ್ದ ಅದು, ಪೊಲೀಸರು ಹುಡುಕುತ್ತಿರುವವರ ಹಾಗೆ ಕೇಳಿಸುತ್ತದೆ ಅಂತ ಬಿಟ್ಟೆವು. ‘ಪಾಲುದಾರರು’ ಅಂದಾಗ ಖಜಾಂಚಿ ಕುರ್ಚಿಯಿಂದ ಎದ್ದೇ ಬಿಟ್ಟರು. “ಬೇಡ ಮಾರಾಯ್ರೆ. ಮುಂಬಯಿಯಲ್ಲಿ ನಮ್ಮವರಿಗೆ ಪಾಲುದಾರ ಅಂದ್ರೆ ಮೊದಲು ಹೋಟೆಲು ನೆನಪಾಗ್ತದೆ, ಆಮೇಲೆ ಕೋರ್ಟು.” ಅವರ ಮಾತಿನಲ್ಲಿ ಅನುಭವ ಇತ್ತು. ಕೊನೆಗೆ ‘ಸಹಭಾಗಿಗಳು’ ಅಂತಾಯಿತು. ಸಹ ಇತ್ತು, ಭಾಗ ಇತ್ತು, ಯಾರಿಗೂ ಏನೂ ಕೊಡುವ ಅಪಾಯ ಇರಲಿಲ್ಲ.

ಸಮಾವೇಶ ಮಾರ್ಚಿನಲ್ಲೇ ಯಾಕೆ ಅಂತ ನೀವು ಕೇಳಬಹುದು. ಫೆಬ್ರವರಿ 11 ವಿಶ್ವಸಂಸ್ಥೆ ಸಾರಿದ ‘ವಿಜ್ಞಾನದಲ್ಲಿ ಮಹಿಳೆಯರು ಮತ್ತು ಹುಡುಗಿಯರ ದಿನ’. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ. ಮಾರ್ಚ್ 8 ಮಹಿಳಾ ದಿನ. ಮೂರಕ್ಕೂ ಬೇರೆ ಬೇರೆ ಊಟ ಹಾಕುವುದು ಆಗದ ಮಾತು ಅಂತ ಮೂರನ್ನೂ ಸೇರಿಸಿ ಒಂದು ಭಾನುವಾರಕ್ಕೆ ಇಟ್ಟೆವು. ನಿಜವಾದ ಕಾರಣ ಬೇರೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದಲ್ಲಿ 2% ಭಾಗವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅದಕ್ಕೇ ನಮ್ಮ ದೇಶದಲ್ಲಿ ಸಮಾಜದ ಮೇಲಿನ ಪ್ರೀತಿ ಮಾವಿನ ಮಿಡಿಯ ಜೊತೆಗೇ ಬರುತ್ತದೆ. ಎರಡೂ ಏಪ್ರಿಲ್ ಹೊತ್ತಿಗೆ ಭರಣಿ ಸೇರುತ್ತವೆ.

ಆ ಕಂಪನಿ ಹೋದ ವರ್ಷದ ಮಾರ್ಚಿನಲ್ಲಿ ನಮ್ಮ ಕನ್ನಡ ಶಾಲೆಯೊಂದಕ್ಕೆ ಲ್ಯಾಬ್ ಕೊಟ್ಟಿತ್ತು. ತ್ರೀಡಿ ಪ್ರಿಂಟರ್, ಸೆನ್ಸರ್‌ಗಳು, ಸೋಲ್ಡರಿಂಗ್ ಗನ್ನು, ಒಂದು ಕಬ್ಬಿಣದ ಕಪಾಟು. ಅದರ ಮೊದಲ ವರ್ಷದ ಸಾಧನೆಯನ್ನು ಜಗತ್ತಿಗೆ ತಿಳಿಸುವುದೇ ಈ ಸಮಾವೇಶದ ಉದ್ದೇಶ.

ಬೆಳಿಗ್ಗೆ ಹತ್ತಕ್ಕೆ ಮಾಟುಂಗಾದ ಹಾಲಿನಲ್ಲಿ ದೀಪ ಬೆಳಗುವ ಕಾರ್ಯಕ್ರಮ. ವೇದಿಕೆ ಮೇಲೆ ಮೆತ್ತೆ ಹಾಕಿದ 11 ಕುರ್ಚಿ, 11 ಗಂಡಸರು. ಹೆಂಗಸರು ಇರಲಿಲ್ಲ ಅಂತ ಅಲ್ಲ. ಹಣತೆಗೆ ಬತ್ತಿ ಹಾಕಿದವರು, ಪ್ರಾರ್ಥನೆ ಹಾಡಿದವರು, ತಟ್ಟೆಯಲ್ಲಿ ಶಾಲು ಹಿಡಿದು ಸಾಲಾಗಿ ನಿಂತವರು, ನಿರೂಪಣೆ ಮಾಡಿದವರು ಎಲ್ಲರೂ ಹೆಂಗಸರೇ. ಜಗತ್ತಿನ ಸಂಶೋಧಕರಲ್ಲಿ ಹೆಣ್ಣುಮಕ್ಕಳು ಸುಮಾರು ಮೂರರಲ್ಲೊಂದು ಪಾಲು ಅಂತ ಯುನೆಸ್ಕೊ ಲೆಕ್ಕ ಹೇಳುತ್ತದೆ. ನಮ್ಮ ಅಧ್ಯಕ್ಷರು ಆ ಲೆಕ್ಕ ಓದಿ ಹೇಳಿ, “ಇದು ಬಹಳ ಬೇಸರದ ಸಂಗತಿ” ಅಂದರು. ಅಕ್ಕಪಕ್ಕದ ಹತ್ತೂ ಗಂಡಸರು ಬೇಸರದಿಂದ ತಲೆ ಆಡಿಸಿದರು.

ವೇದಿಕೆಯ ಒಂದು ಬದಿಯಲ್ಲಿ ಸರ್ ಸಿ.ವಿ. ರಾಮನ್ ಫೋಟೋಕ್ಕೆ ಚೆಂಡು ಹೂವಿನ ಹಾರ. ವಿಜ್ಞಾನ ದಿನ ಅಂದ ಮೇಲೆ ರಾಮನ್ ಬೇಕೇ ಬೇಕು, 1928ರ ಫೆಬ್ರವರಿ 28ರಂದು ಅಲ್ವಾ ರಾಮನ್ ಪರಿಣಾಮ ಕಂಡದ್ದು. ಇನ್ನೊಂದು ಬದಿಯಲ್ಲಿ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಫೋಟೋ. ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲೇ ಓದಿದವರು, ಅವರಿಗೂ ಹಾರ. ಎರಡೂ ಫೋಟೋ ಒಂದಕ್ಕೊಂದು ಮುಖ ಮಾಡಿ ನಿಂತಿದ್ದವು. 1933ರಲ್ಲಿ ಬಿ.ಎಸ್ಸಿ.ಯಲ್ಲಿ ಮೊದಲ ಸ್ಥಾನ ಪಡೆದ ಈ ಹುಡುಗಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಂಗಸು ಅನ್ನುವ ಕಾರಣಕ್ಕೆ ಸೇರಿಸಿಕೊಳ್ಳದೆ ಇದ್ದವರು ಆಗಿನ ನಿರ್ದೇಶಕ ರಾಮನ್ ಅವರೇ. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತು ಹಾಕಿ ಒಳಗೆ ಬಿಟ್ಟರು: ಒಂದು ವರ್ಷ ಪರೀಕ್ಷೆಯ ಅವಧಿ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ, ಲ್ಯಾಬಿನ ವಾತಾವರಣ ಕೆಡಿಸುವಂತಿಲ್ಲ. ವರ್ಷ ಕಳೆದ ಮೇಲೆ ಆಕೆಯ ಕೆಲಸ ನೋಡಿ ರಾಮನ್ ಮನಸ್ಸು ಬದಲಾಯಿತು, ಆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಇದೆಲ್ಲ ನಮ್ಮ ಭಾಷಣಕಾರರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾರ ದಂಡ ಆಗಬಾರದು ಅಂತಲೋ, ಒಬ್ಬರು “ಈ ಇಬ್ಬರು ಮಹಾನುಭಾವರ ಸಹಭಾಗಿತ್ವವೇ ನಮಗೆ ಮಾದರಿ” ಅಂದರು. ನನಗೆ ಕಮಲಾ ಅವರ ಫೋಟೋ ಕಡೆ ನೋಡಲು ಧೈರ್ಯ ಬರಲಿಲ್ಲ.

ಆಕೆ ಮುಂದೆ ಕೇಂಬ್ರಿಜ್‌ಗೆ ಹೋಗಿ, ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತಾ, ಜೀವಕೋಶದ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಗಿಡಗಳಲ್ಲೂ ಇದೆ ಅಂತ ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ಥೀಸಿಸ್ ಬರೀ 40 ಪುಟ. ನಮ್ಮ ಸಮಾವೇಶದ ಸ್ಮರಣ ಸಂಚಿಕೆ 112 ಪುಟ. ಅದರಲ್ಲಿ 97 ಪುಟ ‘ಶುಭ ಹಾರೈಕೆಗಳೊಂದಿಗೆ’ ಎಂಬ ಜಾಹೀರಾತು: ಬಾರ್ ಆ್ಯಂಡ್ ರೆಸ್ಟೋರೆಂಟ್, ಪ್ಯೂರ್ ವೆಜ್, ಕೇಟರಿಂಗ್, ಲಾಜಿಂಗ್. ಮುಂಬಯಿಯಲ್ಲಿ ಕನ್ನಡದ ಕೆಲಸ ಅಂತ ಏನೇನು ನಡೆಯುತ್ತದೋ ಅದರ ಕೆಳಗೆ ಒಂದು ಇಡ್ಲಿ ಪಾತ್ರೆ ಉರಿಯುತ್ತಾ ಇರುತ್ತದೆ. ಅದರ ಬಗ್ಗೆ ನಾನು ತಮಾಷೆ ಮಾಡುವುದಿಲ್ಲ. ಉಪ್ಪು ತಿಂದ ಮನೆ.

ಆಮೇಲೆ ಪೋಸ್ಟ್‌ಕಾರ್ಡ್ ಕಥೆ. ಕನ್ನಡಿಗರು ಮತ್ತು ಮಹಿಳೆ ಮತ್ತು ತಂತ್ರಜ್ಞಾನ, ಈ ಮೂರು ಒಂದೇ ಫ್ಲೆಕ್ಸಿನಲ್ಲಿ ಬಂದರೆ ಈ ಕಥೆ ತಪ್ಪುವುದಿಲ್ಲ. 1974ರಲ್ಲಿ ಟಾಟಾದವರ ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಡಿ ಅಂತ ಇತ್ತು, ಸುಧಾ ಮೂರ್ತಿ ಜೆ.ಆರ್.ಡಿ. ಟಾಟಾರಿಗೆ ಕಾರ್ಡ್ ಬರೆದರು, ಪುಣೆಗೆ ಇಂಟರ್‌ವ್ಯೂಗೆ ಕರೆದರು, ಕೆಲಸ ಸಿಕ್ಕಿತು. ಕಥೆ ನಿಜ, ಕಥೆ ಒಳ್ಳೆಯದು. ಆದರೆ ಮೊದಲ ಭಾಷಣಕಾರರೂ ಹೇಳಿದರು, ಎರಡನೆಯವರೂ ಹೇಳಿದರು. ಮೂರನೆಯವರು ಬೇರೆ ದಾರಿ ಇಲ್ಲದೆ ಪೋಸ್ಟ್‌ಕಾರ್ಡನ್ನು ಇನ್‌ಲ್ಯಾಂಡ್ ಲೆಟರ್‌ಗೆ ಏರಿಸಿದರು. ಅರ್ಧ ಶತಮಾನ ಕಳೆದ ಮೇಲೂ ನಮ್ಮ ಹತ್ತಿರ ಹೇಳಿಕೊಳ್ಳಲು ಒಂದೇ ಕಾರ್ಡ್ ಇದೆ ಅಂದರೆ ಅಂಚೆ ಇಲಾಖೆಯ ತಪ್ಪಂತೂ ಅಲ್ಲ. ಅಂದಹಾಗೆ ಮೂವರೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ವಿಷಯ: ಮಾತೃಭಾಷೆಯಲ್ಲಿ ವಿಜ್ಞಾನ.

ಹನ್ನೊಂದೂವರೆಗೆ ಎಂಒಯು, ಅಂದರೆ ಒಡಂಬಡಿಕೆ ಪತ್ರಗಳ ವಿನಿಮಯ. 17 ಸಂಸ್ಥೆಗಳಲ್ಲಿ ಪ್ರತಿಯೊಂದೂ ಉಳಿದ ಎಲ್ಲರ ಜೊತೆ ಫೈಲು ಹಿಡಿದು, ಕೈ ಕುಲುಕಿ ಫೋಟೋ ತೆಗೆಸಿಕೊಳ್ಳಬೇಕು ಅಂತ ತೀರ್ಮಾನ ಆಗಿತ್ತು. 17ನ್ನು 16ರಿಂದ ಗುಣಿಸಿ ಎರಡರಿಂದ ಭಾಗಿಸಿದರೆ 136 ಫೋಟೋ. ಅವತ್ತು ಹಾಲಿನಲ್ಲಿ ನಡೆದ ಗಣಿತ ಇದೊಂದೇ, ಅದನ್ನೂ ಮಾಡಿದ್ದು ಫೋಟೋಗ್ರಾಫರ್, ರೇಟು ಹೇಳುವುದಕ್ಕೆ. ಫೈಲುಗಳು ಮಾತ್ರ ಎರಡೇ ಇದ್ದವು. ಒಳಗೆ ನಮ್ಮ ಕೇಟರರ್‌ನ ಮೆನು ಹಾಳೆ.

ನಿವೃತ್ತ ವಿಜ್ಞಾನಿಯೊಬ್ಬರನ್ನು ಕರೆದಿದ್ದೆವು. ಹೆಂಗಸು ಅನ್ನುವ ಕಾರಣಕ್ಕೇ ಕರೆದದ್ದು, ಸುಳ್ಳು ಯಾಕೆ. ಅವರು ಬಂದಾಗ ಕುರ್ಚಿ ಇರಲಿಲ್ಲ. ಊಟದ ಹಾಲಿನಿಂದ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು ಕೊನೆಯಲ್ಲಿ ಹಾಕಿದೆ. ಅವರಿಗೆ ಅಂತ ಇದ್ದ 20 ನಿಮಿಷ ಕೈ ಕುಲುಕಾಟದಲ್ಲಿ ಕರಗಿ ಮೂರು ನಿಮಿಷ ಉಳಿದಿತ್ತು. ಅವರು ಎದ್ದು ನಿಂತು ನಗುತ್ತಾ ಕನ್ನಡದಲ್ಲೇ ಹೇಳಿದರು: “2018ರಲ್ಲಿ ಐಐಟಿಗಳಲ್ಲಿ ಹುಡುಗಿಯರಿಗೆ ಹೆಚ್ಚುವರಿ ಸೀಟು ಶುರು ಮಾಡಿದರು. ಹುಡುಗರ ಸೀಟು ಮುಟ್ಟಲಿಲ್ಲ, ಪಕ್ಕದಲ್ಲಿ ಸೇರಿಸಿದರು, ಅಷ್ಟೇ. ಹುಡುಗಿಯರ ಪಾಲು ಮೊದಲ ವರ್ಷ 14%, 2020ಕ್ಕೆ 20% ಅಂತ ಗುರಿ. ನೀವೂ ಇವತ್ತು ಒಂದು ಕುರ್ಚಿ ಸೇರಿಸಿದಿರಿ, ಸಂತೋಷ. ನನ್ನದು ಒಂದೇ ಪ್ರಶ್ನೆ. ನಿಮ್ಮ ಶಾಲೆಯ ಲ್ಯಾಬ್ ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ?”

ಇಷ್ಟು ಸಣ್ಣ ಪ್ರಶ್ನೆಗೆ ವೇದಿಕೆ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ.

ಕಂಪನಿಯವರು ಎನ್‌ಜಿಒದವರನ್ನು ನೋಡಿದರು. ಎನ್‌ಜಿಒದವರು ಮುಖ್ಯೋಪಾಧ್ಯಾಯರನ್ನು ನೋಡಿದರು. ಮುಖ್ಯೋಪಾಧ್ಯಾಯರು, “ವಿಜ್ಞಾನದ ಮಾಸ್ತರು ಮತದಾರರ ಪಟ್ಟಿ ಕೆಲಸಕ್ಕೆ ಹೋಗಿದ್ದಾರೆ, ಕೀಲಿಕೈ...” ಅಂದು ನಮ್ಮ ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಎಂಒಯು ನೋಡಿದೆ, ಅಂದರೆ ನಿಜವಾದದ್ದನ್ನು, ಆಫೀಸಿನ ಕಪಾಟಿನಲ್ಲಿ ಇದ್ದದ್ದನ್ನು. 14ನೇ ಕಲಮು: ಉಪಕರಣಗಳ ಸುರಕ್ಷತೆಯ ದೃಷ್ಟಿಯಿಂದ ಕಪಾಟಿಗೆ ನಾಲ್ಕು ಬೀಗ ಇರತಕ್ಕದ್ದು, ಕಂಪನಿ, ಎನ್‌ಜಿಒ, ಶಾಲೆ, ಸಂಘ ತಲಾ ಒಂದು ಕೀಲಿಕೈ ಇಟ್ಟುಕೊಳ್ಳತಕ್ಕದ್ದು, ನಾಲ್ವರೂ ಹಾಜರಿದ್ದಾಗ ಮಾತ್ರ ತೆರೆಯತಕ್ಕದ್ದು. ನಾಲ್ವರೂ ಒಟ್ಟಿಗೆ ಸೇರುವುದು ವರ್ಷಕ್ಕೆ ಒಂದೇ ದಿನ, ಈ ಸಮಾವೇಶಕ್ಕೆ. ಸಮಾವೇಶ ಇರುವುದು ಭಾನುವಾರ. ಭಾನುವಾರ ಶಾಲೆಗೆ ರಜೆ.

ನಮ್ಮ ಕಡೆ ಊರಿನ ದೇವಸ್ಥಾನದ ಭಂಡಾರದ ಪೆಟ್ಟಿಗೆಗೂ ಹೀಗೆ ಬೇರೆ ಬೇರೆ ಮನೆಯವರ ಬೀಗ ಇರುತ್ತದೆ. ಆದರೆ ದೇವರಿಗೆ ಆಭರಣ ವರ್ಷಕ್ಕೊಮ್ಮೆ ಸಾಕು.

ಕಪಾಟಿನ ಒಳಗೆ ಏನಿದೆ ಅಂತ ನನಗೆ ಗೊತ್ತು. ದಸರಾದಲ್ಲಿ ಹೇಗೋ ನಾಲ್ವರ ಕೀಲಿಕೈ ತರಿಸಿ ಆಯುಧಪೂಜೆಗೆ ಅಂತ ತೆಗೆದಿದ್ದರು, ನಾನೂ ಹೋಗಿದ್ದೆ. ಪ್ರಿಂಟರಿನ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಕವರಿನ ಮೇಲೇ ಅರಿಶಿನ, ಕುಂಕುಮ, ಒಂದು ಚೆಂಡು ಹೂವು ಇಟ್ಟು, ಲಿಂಬೆಹಣ್ಣು ಕತ್ತರಿಸಿ ಮತ್ತೆ ಬೀಗ ಹಾಕಿದರು. ಪಕ್ಕದಲ್ಲಿ ಆ ಯಂತ್ರ ಇವತ್ತಿನವರೆಗೆ ಮಾಡಿದ ಒಂದೇ ವಸ್ತು ಇತ್ತು. ಉದ್ಘಾಟನೆಯ ದಿನ ಕಂಪನಿಯ ಹುಡುಗ ಡೆಮೋ ಅಂತ ಶುರು ಮಾಡಿದ ಗಣಪತಿ. ತ್ರೀಡಿ ಪ್ರಿಂಟರ್ ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಕಟ್ಟುತ್ತಾ ಹೋಗುತ್ತದೆ, ನೀರು ದೋಸೆ ಒಂದರ ಮೇಲೊಂದು ಪೇರಿಸಿದ ಹಾಗೆ. ಇಲಿ ಆಯಿತು, ಪಾದ ಆಯಿತು, ಹೊಟ್ಟೆಗೆ ಜಾಸ್ತಿ ಹೊತ್ತು ಬೇಕಾಯಿತು, ಎದೆಗೆ ಬರುವಾಗ ಮುಖ್ಯ ಅತಿಥಿಗಳ ಫ್ಲೈಟ್ ಟೈಮ್ ಆಯಿತು. ಸ್ವಿಚ್ ತೆಗೆದು ಕವರ್ ಹಾಕಿದರು. ಹಾಗಾಗಿ ಗಣಪತಿಗೆ ತಲೆ ಇಲ್ಲ. “ಪುರಾಣದಲ್ಲೂ ನಡುವೆ ಸ್ವಲ್ಪ ಹೊತ್ತು ಇರಲಿಲ್ಲ ಅಲ್ವಾ” ಅಂತ ಮುಖ್ಯೋಪಾಧ್ಯಾಯರು ಸಮಾಧಾನ ಹೇಳಿದರು.

ವಿಜ್ಞಾನಿ ಅಮ್ಮನ ಮೂರು ನಿಮಿಷ ಮುಗಿದು ಗಂಟೆ ಬಾರಿಸಿದೆವು. ಹಿಂದಿನ ಸಾಲಿನಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಇದ್ದರು. ಹನ್ನೆರಡು ವರ್ಷಕ್ಕೆ ಊರು ಬಿಟ್ಟು ಬಂದು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಟೆಕ್ನಿಷಿಯನ್ ಆಗಿ ನಿವೃತ್ತರಾದವರು. ಅವರಿಗೆ ಲೋಗೋ ಇಲ್ಲ, ಹಾಗಾಗಿ ವೇದಿಕೆ ಇಲ್ಲ. ನನ್ನ ಕಿವಿಯಲ್ಲಿ ಹೇಳಿದರು: “ಎಂತ ನಾಲ್ಕು ಬೀಗ ಮಾರಾಯ? ನಮ್ಮ ರಾತ್ರಿ ಶಾಲೆಯ ಕೀಲಿಕೈ ಬಾಗಿಲ ಮೇಲಿನ ಪಟ್ಟಿಯಲ್ಲೇ ಇರ್ತಿತ್ತು. ಮೊದಲು ಬಂದವ ತೆಗೆಯೋದು, ಕಡೆಗೆ ಹೋದವ ಹಾಕೋದು. ಒಂದು ಬೆಂಚೂ ಕಳವಾಗಲಿಲ್ಲ.” ಇದನ್ನು ವೇದಿಕೆಯಲ್ಲಿ ಹೇಳಿಸಬೇಕಿತ್ತು ಅಂತ ನನಗೆ ಹೊಳೆದದ್ದು ಮಾರನೇ ದಿನ, ಡೊಂಬಿವಲಿ ಫಾಸ್ಟ್‌ನಲ್ಲಿ ನೇತಾಡುತ್ತಾ ಹೋಗುವಾಗ.

ಇಷ್ಟೆಲ್ಲ ಆಗುವಾಗ ಯಾರಿಗಾಗಿ ಸಮಾವೇಶವೋ ಆ 24 ಹುಡುಗಿಯರು ಬಂದೇ ಇರಲಿಲ್ಲ. ಅವರೆಲ್ಲ ಮಾನ್‌ಖುರ್ದ್ ಕಡೆಯವರು. ಭಾನುವಾರ ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗೆ ರೈಲು ಬಂದ್, ಹನ್ನೊಂದರ ಮೇಲೆ ಕುರ್ಲಾದ ಆಚೆ ಲೋಕಲ್ ಇಲ್ಲ. ಮುಂಬಯಿಯಲ್ಲಿ ಹುಟ್ಟಿದ ಮಗುವಿಗೂ ಭಾನುವಾರ ಬ್ಲಾಕ್ ಇರುತ್ತದೆ ಅಂತ ಗೊತ್ತು. 17 ಸಂಸ್ಥೆಗಳಿಗೆ ಗೊತ್ತಿರಲಿಲ್ಲ, ಯಾಕೆಂದರೆ ಅವರೆಲ್ಲ ಕಾರಿನಲ್ಲಿ ಬಂದವರು. ಇನ್ನೊಂದು ತಮಾಷೆ ಕೇಳಿ. ದೇಶದ ಮಕ್ಕಳನ್ನು ವಿಜ್ಞಾನ ಒಲಿಂಪಿಯಾಡ್‌ಗೆ ತಯಾರು ಮಾಡುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇರುವುದು ಅದೇ ಮಾನ್‌ಖುರ್ದ್‌ನಲ್ಲಿ, 1974ರಲ್ಲಿ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಆಸರೆಯಲ್ಲಿ ಶುರುವಾದದ್ದು. ವಿಜ್ಞಾನ ಅವರ ಓಣಿಯ ಹತ್ತಿರವೇ ಇತ್ತು. ನಾವು ಅವರನ್ನು ಅಲ್ಲಿಂದ ಎಬ್ಬಿಸಿ ವಿಜ್ಞಾನದ ಹತ್ತಿರ ತರುತ್ತೇವೆ ಅಂತ ಹೇಳಿ ಬಸ್ ಸ್ಟಾಪಿನ ಬಿಸಿಲಲ್ಲಿ ನಿಲ್ಲಿಸಿದೆವು.

ಆ ಹುಡುಗಿಯರು ಬೆಸ್ಟ್ ಎಂಬ ಸಿಟಿ ಬಸ್ಸು ಬದಲಾಯಿಸಿಕೊಂಡು ಮುಟ್ಟಿದಾಗ ಒಂದೂ ಮುಕ್ಕಾಲು. ಸಮಾರೋಪ ಮುಗಿದಿತ್ತು. ಗಣ್ಯರೆಲ್ಲ ಪಾಲ್ಗೊಂಡ ಸರ್ಟಿಫಿಕೇಟು ತಗೊಂಡು ಊಟಕ್ಕೆ ಹೋಗಿದ್ದರು. ಸಂಜೆ ಹಾಲಿನಲ್ಲಿ ಯಾರದೋ ನಾಮಕರಣ ಇದ್ದದ್ದರಿಂದ ನಾನು ಫ್ಲೆಕ್ಸ್ ಬಿಚ್ಚಿ ಸುತ್ತಿ ಇಟ್ಟಿದ್ದೆ. “ಫೋಟೋ ಇಲ್ಲದಿದ್ರೆ ಕಂಪನಿಯವರ ಎರಡನೇ ಕಂತು ಬರೋದಿಲ್ಲ” ಅಂತ ಕಾರ್ಯದರ್ಶಿ ಓಡಿ ಬಂದರು. ಫ್ಲೆಕ್ಸ್ ಮತ್ತೆ ಕಟ್ಟಿದೆವು. ಹುಡುಗಿಯರನ್ನು ಮುಂದೆ ನಿಲ್ಲಿಸಿದರೆ ಲೋಗೋ ಮುಚ್ಚುತ್ತಿತ್ತು, ಹಾಗಾಗಿ ಕೂರಿಸಿದೆವು. ಪಾಯಸ ಖಾಲಿಯಾಗಿತ್ತು. ಅನ್ನ ಸಾರು ಇತ್ತು.

ಒಬ್ಬ ಹುಡುಗಿ ಚೀಲದಿಂದ ಗಣಿತದ ನೋಟ್‌ಬುಕ್ ತೆಗೆದು ತೋರಿಸಿದಳು. ಮನೆಯ ಟೇಬಲ್ ಫ್ಯಾನಿನ ತಿರುಪು ಗುಂಡಿ ಮುರಿದು ಹೋಗಿ ವರ್ಷವಾಗಿದೆಯಂತೆ, ಇಕ್ಕಳದಲ್ಲಿ ತಿರುಗಿಸುತ್ತಾರಂತೆ. ಹೊಸ ಗುಂಡಿಯ ಚಿತ್ರ ಬರೆದಿದ್ದಳು, ಮೇಲಿನಿಂದ ಒಂದು, ಬದಿಯಿಂದ ಒಂದು. ಒಳಗಿನ ತೂತು ಪೂರ್ತಿ ಗುಂಡಗಲ್ಲ, ಒಂದು ಕಡೆ ಚಪ್ಪಟೆ. ಅದನ್ನು ಸ್ಕೇಲಿನಲ್ಲಿ ಅಳೆದು 6 ಮಿ.ಮೀ. ಅಂತ ಬರೆದು, ಅಳಿಸಿ, ಆರೂವರೆ ಮಾಡಿದ್ದಳು. “ಬಿಗಿ ಆದ್ರ ಹೊಗೂದಿಲ್ರಿ, ಅರ್ಧ ಜಾಸ್ತಿ ಬಿಟ್ಟೀನಿ. ಪ್ರಿಂಟರ್ ಯಾವಾಗ ಚಾಲೂ ಮಾಡ್ತೀರಿ ಸರ್?” ಕಾರ್ಯದರ್ಶಿಗೆ ಬಹಳ ಖುಷಿಯಾಯಿತು. ಆ ಹಾಳೆಯನ್ನು ನಾಜೂಕಾಗಿ ಹರಿದು ಇಟ್ಟುಕೊಂಡರು, ಮುಂದಿನ ವರ್ಷದ ಸ್ಮರಣ ಸಂಚಿಕೆಗೆ. ‘ಪುಟಾಣಿ ವಿಜ್ಞಾನಿ’ ಅಂತ ಅರ್ಧ ಪುಟ, ಕೆಳಗರ್ಧ ಕೇಟರಿಂಗ್.

ಹುಡುಗಿಯರ ಜೊತೆಗೆ ಅವಳ ತಾಯಿಯೂ ಬಂದಿದ್ದರು, ಕಲಬುರಗಿ ಕಡೆಯವರು. ನಾನು ಫ್ಲೆಕ್ಸ್ ಎರಡನೇ ಸಲ ಬಿಚ್ಚುವಾಗ ಹತ್ತಿರ ಬಂದು ಅದರ ಅಂಚನ್ನು ಬೆರಳಲ್ಲಿ ಉಜ್ಜಿ ದಪ್ಪ ನೋಡಿದರು. “ಅಣ್ಣಾರ, ಇದು ನಿಮಗ ಇನ್ನ ಬೇಕೇನ್ರಿ? ಮಳಿಗಾಲದಾಗ ನಮ್ಮ ಮ್ಯಾಲಿನ ತಗಡ ಸೋರತಾವ. ಇಷ್ಟ ದೊಡ್ಡದು ಇದ್ರ ಎರಡು ಮನಿಗಿ ಆಕ್ಕತಿ.”

ನಾನು ಆಗಲಿ ಅನ್ನುವವನಿದ್ದೆ. ಕಾರ್ಯದರ್ಶಿ ತಡೆದರು. 17 ಸಂಸ್ಥೆಗಳ ಲೋಗೋ ಇರುವ ವಸ್ತು, ಹಾಗೆಲ್ಲ ಕೊಡಲಿಕ್ಕೆ ಆಗುವುದಿಲ್ಲ, ಎಲ್ಲರ ಒಪ್ಪಿಗೆ ಬೇಕು. ಮಾರನೇ ದಿನವೇ 17 ಕಡೆಗೂ ಇಮೇಲ್ ಕಳಿಸಿದೆವು. ಇವತ್ತಿಗೆ 11 ನಿರಾಕ್ಷೇಪಣಾ ಪತ್ರ ಬಂದಿವೆ. ಐದು ಕಡೆಯಿಂದ ಉತ್ತರ ಇಲ್ಲ. ಬ್ಯಾಂಕಿನವರು ಮಾತ್ರ ಕೂಡಲೇ ಫೋನು ಮಾಡಿದ್ದರು. ಅವರದು ಒಂದೇ ವಿಚಾರಣೆ: ತಗಡಿನ ಮೇಲೆ ಹಾಸುವಾಗ ತಮ್ಮ ಲೋಗೋ ಮೇಲ್ಮುಖವಾಗಿ ಬರುತ್ತದೋ, ಕೆಳಮುಖವಾಗಿಯೋ?